ಕರುವಿನ ಮಚ್ಚೆ

ಆ ಮನೆಗೆ ಅಲಾರಾಂ ಬೇಕಿರಲಿಲ್ಲ, ಅತ್ತಿಗೆಯ ಕೆಮ್ಮು ಇತ್ತು. ಬೆಳಕು ಹರಿಯುವ ಹೊತ್ತಿಗೆ ಅದು ಶುರುವಾದರೆ ಗೋಡೆಯಾಚೆ ಬಾಡಿಗೆಗಿದ್ದ ಕ್ಷೌರಿಕನೂ ಎದ್ದು ಕೂರುತ್ತಿದ್ದ. ನಲ್ಲಿಯ ಹತ್ತಿರ ಸಿಕ್ಕಾಗ, "ಏನಕ್ಕಾ, ಇವತ್ತು ನಿಮ್ಮ ಕೆಮ್ಮು ಸ್ವಲ್ಪ ಲೇಟು. ನನ್ನ ಮೊದಲನೇ ಗಿರಾಕಿ ಕಾದು ಕಾದು ಹೋದ" ಎನ್ನುತ್ತಿದ್ದ. ಅತ್ತಿಗೆ ನಗುತ್ತಿದ್ದಳು. ನಕ್ಕರೆ ಇನ್ನೊಂದು ಸುತ್ತು ಕೆಮ್ಮು ಬರುತ್ತಿತ್ತು. ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದು ಕೈಯಲ್ಲಿ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಅದು ಅಡಗುವ ತನಕ ಸಾಲಿನಲ್ಲಿದ್ದವರು ಬೇರೆ ಕಡೆ ನೋಡುತ್ತಿದ್ದರು.

ಕೆಮ್ಮು ಹುಟ್ಟಿದ್ದು ಅಂಟಿನ ಕೋಣೆಯಲ್ಲಿ. ದುಬಾರಿ ಚರ್ಮದ ಬ್ಯಾಗು ಮಾಡುವ ಕಾರ್ಖಾನೆ ಅದು. ಗಾಜಿನ ಬಾಗಿಲಿನ ಅಂಗಡಿಗಳಲ್ಲಿ, ದೀಪದ ಕೆಳಗೆ ಒಂದೊಂದೇ ಇಟ್ಟು ಮಾರುವಂಥ ಬ್ಯಾಗುಗಳು. ಮೇಲಿನ ಮಹಡಿಯಲ್ಲಿ ಹೊಲಿಗೆ. ಅಲ್ಲಿ ಸಾಲಾಗಿ ಕಿಟಕಿ, ಗಾಳಿ, ಬೆಳಕು. ಕೆಳಗೆ, ಮೆಟ್ಟಿಲಿನ ಅಡಿಯಲ್ಲಿ ಅಂಟಿನ ಕೋಣೆ. ಅದಕ್ಕೂ ಒಂದು ಕಿಟಕಿ ಇತ್ತು, ಆದರೆ ಅಂಟಿನ ಮೇಲೆ ಧೂಳು ಕೂರುತ್ತದೆಂದು ಅದಕ್ಕೆ ಮೊಳೆ ಹೊಡೆದಿದ್ದರು. ಒಳಗೆ ಕೂತವರಿಗೆ ಮೊದಲು ತಲೆನೋವು ಬರುತ್ತದೆ, ಆಮೇಲೆ ನಾಲಿಗೆ ರುಚಿ ಮರೆಯುತ್ತದೆ, ಆಮೇಲೆ ಕೆಮ್ಮು ಬಂದು ಮನೆಯವರಲ್ಲೇ ಒಬ್ಬರಾಗಿಬಿಡುತ್ತದೆ. ಆ ಕೋಣೆಗೆ ಯಾರನ್ನೂ ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಮೇಲಿನಿಂದ ಇಳಿಸುತ್ತಿದ್ದರು. ಬ್ಯಾಗು ಕೆಡಿಸಿದವರಿಗೆ ಅದೇ ಶಿಕ್ಷೆ.

ಅತ್ತಿಗೆಯೂ ಹಿಂದೊಮ್ಮೆ ಒಂದು ಬ್ಯಾಗು ಕೆಡಿಸಿದಳಂತೆ. ಹಾಗಂತ ಹೇಳಿದವನು ಭೂತಗನ್ನಡಿ.

ಭೂತಗನ್ನಡಿ ಎಂದರೆ ಹೊಲಿದ ಬ್ಯಾಗು ಪರೀಕ್ಷೆ ಮಾಡುವ ಸೂಪರ್‌ವೈಸರು. ಕಿಟಕಿ ಪಕ್ಕದ ಮೇಜಿನಲ್ಲಿ, ಹಿಡಿಯಿರುವ ದುಂಡು ಗಾಜೊಂದನ್ನು ಕಣ್ಣಿಗಿಟ್ಟುಕೊಂಡು ಕೂರುತ್ತಿದ್ದ. ಮೊಸರಲ್ಲಿ ಕಲ್ಲು ಹುಡುಕುವವರನ್ನು ನೀವೂ ನೋಡಿರುತ್ತೀರಿ. ಇವನು ಕಲ್ಲು ಸಿಗದಿದ್ದರೆ ತಾನೇ ಒಂದು ಹಾಕಿ ಹುಡುಕುವ ಪೈಕಿ. ತಪ್ಪು ಸಿಕ್ಕಾಗ "ಹಾಂ" ಎನ್ನುತ್ತಿದ್ದ. ಕಳೆದುಹೋಗಿದ್ದ ಚಪ್ಪಲಿ ಮಂಚದಡಿ ಸಿಕ್ಕಾಗ ನಾವು ಹೇಳುತ್ತೇವಲ್ಲ, ಆ ಥರದ "ಹಾಂ". ಅದು ಕೇಳಿದ ಕೂಡಲೇ ಹೊಲಿಗೆಯ ಹೆಂಗಸರೆಲ್ಲ ತಲೆ ತಗ್ಗಿಸುತ್ತಿದ್ದರು, ಯಾರ ಪಾಲಿಗೆ ಬಂತೋ ಎಂದು.

ಅವನ ತಲೆಯ ಮೇಲೆ ಗೋಡೆಯಲ್ಲಿ ಯಜಮಾನರು ಬರೆಸಿದ ಬೋರ್ಡು ಇತ್ತು. 'ಊನವಿರುವ ಬ್ಯಾಗು ಈ ಕಟ್ಟಡದಿಂದ ಹೊರಗೆ ಹೋಗಕೂಡದು. ಹೊಲಿದವರೇ ಅದನ್ನು ಎಲ್ಲರ ಎದುರಿಗೆ ಕತ್ತರಿಸಿ ನಾಶಪಡಿಸತಕ್ಕದ್ದು.' ಯಾಕೆಂದರೆ ಚೂರು ಗೀರಿದ್ದರೂ ಅದು ಕಡಿಮೆ ಬೆಲೆಗೆ ಯಾರಿಗೋ ಸಿಕ್ಕಿ, ಬಸ್ಸಿನಲ್ಲಿ ನಿಂತು ಹೋಗುವ ಹೆಂಗಸಿನ ತೋಳಿಗೆ ಬಿದ್ದುಬಿಟ್ಟರೆ ಕಂಪನಿಯ ಮಾನ ಹೋಗುತ್ತದಂತೆ. ಹೊಲಿಯುವಾಗ ನಮ್ಮ ತೊಡೆಯ ಮೇಲೇ ಇರುತ್ತದೆ ಬ್ಯಾಗು, ಆಗ ಹೋಗದ ಮಾನ ತೋಳಿಗೆ ಬಂದರೆ ಹೇಗೆ ಹೋಗುತ್ತದೆ ಎಂದು ಹೊಲಿಗೆಯವರು ತಮ್ಮತಮ್ಮಲ್ಲೇ ಕೇಳಿಕೊಂಡು ನಗುತ್ತಿದ್ದರು. ಆದರೆ ತಾನೇ ಹೊಲಿದದ್ದನ್ನು ತಾನೇ ಕತ್ತರಿಸುವಾಗ ಯಾರೂ ನಗುತ್ತಿರಲಿಲ್ಲ. ಅದು ಬಹಳ ಸಂಕಟದ ಕೆಲಸ.

ಹಾಗೆ ಕೇಳಿ ನಗಿಸುತ್ತಿದ್ದವಳು ಅತ್ತಿಗೆಯ ನಾದಿನಿ. ಅವಳನ್ನು ಎಲ್ಲರೂ ಮಾತಿನಮಲ್ಲಿ ಎನ್ನುತ್ತಿದ್ದರು, ಅವಸರವಿದ್ದಾಗ ಮಲ್ಲಿ. ಅಣ್ಣ ಲಾರಿಯಲ್ಲಿ ಊರೂರು ಸುತ್ತುವವನು, ಬಂದಾಗ ಬಂದ. ಮನೆಯೆಂದರೆ ಈ ಇಬ್ಬರೇ. ಒಬ್ಬಳು ಮೇಲೆ ಹೊಲಿಗೆಯಲ್ಲಿ, ಒಬ್ಬಳು ಕೆಳಗೆ ಅಂಟಿನಲ್ಲಿ.

ಮಲ್ಲಿಯ ಪಕ್ಕದ ಮಿಷನ್ನಿನಲ್ಲಿ ಗುಮ್ಮನಗುಸುಕಿ. ಅವಳು ಬಾಯಿ ಬಿಟ್ಟಿದ್ದನ್ನು ಕಂಡವರಿಲ್ಲ. ಹಾಜರಿ ಕರೆದರೂ ಕೈ ಎತ್ತುವಳೇ ಹೊರತು ಎಂದೂ ಓಗೊಟ್ಟವಳಲ್ಲ. ಆದರೆ ಚರ್ಮದ ಮೇಲೆ ಸಣ್ಣ ಗೀರು ಬಿದ್ದರೆ ಎಲ್ಲರೂ ಓಡುವುದು ಅವಳ ಹತ್ತಿರ. ಹೆಬ್ಬೆರಳನ್ನು ಮೂಗಿನ ಪಕ್ಕದಲ್ಲಿ ಒಮ್ಮೆ ಉಜ್ಜಿಕೊಂಡು, ಆ ಜಿಡ್ಡಿನ ಬೆರಳಿನಿಂದ ಗೀರಿನ ಮೇಲೆ ಸುತ್ತಿಸಿ ಸುತ್ತಿಸಿ ತಿಕ್ಕುತ್ತಿದ್ದಳು. ಬೆರಳಿನ ಬಿಸಿಗೆ, ಮೂಗಿನ ಎಣ್ಣೆಗೆ ಗೀರು ಮಾಯ. ಕಂಪನಿ ತರಿಸಿಕೊಟ್ಟ ಡಬ್ಬಿಯ ಪಾಲಿಷು ಧೂಳು ಹಿಡಿದು ಕೂತಿತ್ತು. "ದೊಡ್ಡ ಮನೆ ಹೆಂಗಸರೆಲ್ಲ ತೋಳಿಗೆ ಹಾಕ್ಕೊಂಡು ಮೆರೆಯೋದು ನಮ್ಮ ಗುಸುಕಿ ಮೂಗನ್ನೇ" ಎಂದು ಮಲ್ಲಿ ಹೇಳುತ್ತಿದ್ದಳು. ಆ ವಿದ್ಯೆಯನ್ನು ಅವಳೂ ಕಲಿತಿದ್ದಳು.

ಆ ಬುಧವಾರ ಮಲ್ಲಿ ಒಂದು ಕೆಂಪು ಬ್ಯಾಗು ಮುಗಿಸಿದ್ದಳು. ಎಳೆಗರುವಿನ ಚರ್ಮ, ಕೆನ್ನೆ ಮುಟ್ಟಿದಷ್ಟು ಮೆತ್ತಗೆ. ಮುಚ್ಚಳದ ಒಳಮೈಯಲ್ಲಿ, ಮೂಲೆಗೆ, ಎಳ್ಳುಕಾಳಿನಷ್ಟು ಒಂದು ಕಪ್ಪು ಚುಕ್ಕೆ. ಯಾವತ್ತೋ ಆ ಕರುವಿಗೆ ನೊಣ ಕಚ್ಚಿದ್ದ ಗುರುತು. ಗೀರಾದರೆ ಮೂಗಿನ ಎಣ್ಣೆಗೆ ಹೋಗುತ್ತದೆ, ಇಂಥ ಗುರುತು ಯಾವ ಮೂಗಿಗೂ ಬಗ್ಗುವುದಿಲ್ಲ. ಅಂಥದ್ದು ಬಂದರೆ ಮುಚ್ಚಳದ ಒಳಕ್ಕೆ ಬರುವಂತೆ ಇಟ್ಟು ಹೊಲಿಯುವುದು ಮೊದಲಿನಿಂದ ನಡೆದುಬಂದದ್ದು. ಹಾಗೆ ಹೊಲಿದ ಎಷ್ಟೋ ಬ್ಯಾಗುಗಳು ಪಾಸಾಗಿ ಹೋಗಿದ್ದವು. ನಿಜ ಹೇಳಬೇಕೆಂದರೆ ಮಲ್ಲಿಗೆ ಆ ಮಚ್ಚೆ ಇಷ್ಟವೇ ಆಗಿತ್ತು.

"ಹಾಂ" ಎಂದ ಭೂತಗನ್ನಡಿ.

ಮಲ್ಲಿ ಎದ್ದು ಹೋದಳು.

"ಏನಿದು?"

"ಮಚ್ಚೆ ಸಾರ್."

"ಯಾರದ್ದು?"

"ಕರುವಿಂದು. ನಂದಲ್ಲ."

"ಹೊಲಿಯೋವಾಗ ಕಣ್ಣಿಗೆ ಬೀಳ್ಲಿಲ್ವಾ?"

"ಬಿತ್ತು ಸಾರ್. ಚರ್ಮ ಕೊಂಡೋರ ಕಣ್ಣಿಗೂ ಬಿದ್ದಿರುತ್ತೆ, ಕತ್ತರಿಸಿ ಕೊಟ್ಟೋರ ಕಣ್ಣಿಗೂ ಬಿದ್ದಿರುತ್ತೆ. ಅವರ್ಯಾರೂ ಏನೂ ಅನ್ಲಿಲ್ಲ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ, ಹಂಗಾಯ್ತು ನನ್ನ ಕಥೆ."

"ತಪ್ಪು ತಪ್ಪೇ."

"ತಪ್ಪು ಕರುವಿಂದೇ ಬಿಡಿ ಸಾರ್. ನೀನು ಮುಂದೆ ದೊಡ್ಡೋರ ಬ್ಯಾಗಾಗ್ತೀಯ, ನೊಣ ಬಂದ್ರೆ ಬಾಲ ಸರಿಯಾಗಿ ಬೀಸು ಅಂತ ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ ಅನ್ಸುತ್ತೆ."

ಇಡೀ ಹೊಲಿಗೆ ಕೋಣೆ ನಕ್ಕಿತು. ಗುಮ್ಮನಗುಸುಕಿಯ ಭುಜವೂ ಕುಲುಕಿತು. ಮಚ್ಚೆಯನ್ನಾದರೂ ಭೂತಗನ್ನಡಿ ಕ್ಷಮಿಸುತ್ತಿದ್ದನೋ ಏನೋ, ಆ ನಗುವನ್ನು ಕ್ಷಮಿಸಲಿಲ್ಲ.

"ಬಾಯಿ ಜಾಸ್ತಿ ಆಯ್ತು ನಿಂದು. ಸೋಮವಾರದಿಂದ ಕೆಳಗೆ. ಅಂಟಿನ ಜೊತೆ ಮಾತಾಡ್ಕೊಂಡಿರು."

ನಗು ನಿಂತುಹೋಯಿತು. ಅತ್ತಿಗೆ ಗೋಡೆ ಹಿಡಿದು ನಿಲ್ಲುವುದು ಮಲ್ಲಿಯ ಕಣ್ಣಿಗೆ ಬಂತು. ಆದರೂ ಅವಳು ಮಾತಿನಮಲ್ಲಿಯಲ್ಲವೇ, ಸುಮ್ಮನಾಗಲಿಲ್ಲ.

"ಆಯ್ತು ಸಾರ್. ಕತ್ತರಿ ತರ್ತೀನಿ. ಬೋರ್ಡಲ್ಲಿ ಬರೆದಿರೋ ಹಾಗೆ ಕತ್ತರಿಸಿಬಿಡ್ತೀನಿ."

"ಬೇಡ ಬೇಡ" ಎಂದು ಭೂತಗನ್ನಡಿ ಅವಸರವಾಗಿ ಬ್ಯಾಗನ್ನು ಎಳೆದುಕೊಂಡ. "ಇದನ್ನ ಯಜಮಾನರಿಗೆ ತೋರಿಸ್ಬೇಕು. ಆಮೇಲೆ ನಾನೇ ಕತ್ತರಿಸ್ತೀನಿ."

ಬ್ಯಾಗು ಅವನ ಡ್ರಾಯರಿಗೆ ಹೋಯಿತು. ಅತ್ತಿಗೆಯ ಬ್ಯಾಗೂ ಹಿಂದೆ ಅದೇ ಡ್ರಾಯರಿಗೆ ಹೋಗಿತ್ತು. ಅದನ್ನು ಕತ್ತರಿಸಿದ್ದನ್ನು ಕಂಡವರು ಯಾರೂ ಇರಲಿಲ್ಲ.

ಸಂಜೆ ಹೊರಡುವಾಗ ಎಂದಿನಂತೆ ಗೇಟಿನಲ್ಲಿ ತಪಾಸಣೆ. ಕಾವಲಿನ ಮುದುಕ ಮಲ್ಲಿಯ ಊಟದ ಡಬ್ಬಿ ತೆಗೆಸಿ, ಒಳಗೆ ಇಣುಕಿ, ಮೂಸಿಯೂ ನೋಡಿದ. ಅವಳ ತೋಳಿಗೆ ಅಂಟಿಕೊಂಡಿದ್ದ ಕೆಂಪು ದಾರದ ತುಂಡೊಂದನ್ನು ಎರಡು ಬೆರಳಲ್ಲಿ ಎತ್ತಿಕೊಂಡ.

"ಕಂಪನಿ ದಾರ" ಎಂದ, ಸಂಕೋಚದಿಂದಲೇ.

"ಇಟ್ಕೊಳ್ಳಿ ತಾತಾ. ನಿಮ್ಮ ಮೀಸೆಗೆ ಕಟ್ಕೊಳ್ಳಿ, ಚೆನ್ನಾಗಿ ಕಾಣುತ್ತೆ."

ಅಷ್ಟರಲ್ಲಿ ಭೂತಗನ್ನಡಿ ಕೈಯಲ್ಲೊಂದು ಉಬ್ಬಿದ ಕಾಗದದ ಚೀಲ ಹಿಡಿದು ಪಕ್ಕದಲ್ಲೇ ಹಾದುಹೋದ. ಮುದುಕ ಅವನಿಗೆ ಸಲಾಮು ಹೊಡೆದ. ಚೀಲದೊಳಗೆ ಯಾರೂ ಇಣುಕಲಿಲ್ಲ.

ಮನೆಗೆ ಬಂದು ಮಲ್ಲಿ ವಿಷಯ ಹೇಳಿದಾಗ ಅತ್ತಿಗೆ ಬಟ್ಟೆ ಮಡಚುತ್ತಿದ್ದಳು. ಮಡಚುತ್ತಲೇ ಇದ್ದಳು.

"ಮಾತು ಮನೆ ಕೆಡಿಸ್ತು, ತೂತು ಒಲೆ ಕೆಡಿಸ್ತು ಅಂತಾರೆ" ಎಂದಳು ಕೊನೆಗೆ. "ಆ ಕರುವಿನ ಬಾಲದ ಉಸಾಬರಿ ನಿನಗ್ಯಾಕೆ ಬೇಕಿತ್ತು?"

"ಬಾಯಿಗೆ ಬಂತು, ಅಂದೆ. ಹೋಗ್ಲಿ ಬಿಡು, ನಿನಗೆ ಜೊತೆ ಆಯ್ತಲ್ಲ. ಇಬ್ಬರೂ ಒಟ್ಟಿಗೆ ಕೂತು ಕೆಮ್ಮೋಣ. ಪಾಪ, ಕ್ಷೌರಿಕನಿಗೆ ಯಾವ ಕೆಮ್ಮಿಗೆ ಏಳ್ಬೇಕು ಅಂತ ಗೊಂದಲ ಆಗುತ್ತೆ ಅಷ್ಟೇ."

ಅತ್ತಿಗೆ ನಗಲಿಲ್ಲ. ಮಡಚಿದ ಬಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅತ್ತುಬಿಟ್ಟಳು.

"ನೀನು ಅಲ್ಲಿಗೆ ಬರಬೇಡ ಕಣೇ. ಏನಾದ್ರೂ ಮಾಡು, ಕಾಲಾದ್ರೂ ಹಿಡಿ. ಈ ಮನೇಲಿ ಒಬ್ಬರಾದ್ರೂ ನೆಟ್ಟಗೆ ಉಸಿರಾಡ್ಬೇಕು."

ಮಲ್ಲಿ ಅವಳ ಬೆನ್ನು ನೀವಿದಳು. ಗುರುವಾರ ಭೂತಗನ್ನಡಿಯ ಕಾಲು ಹಿಡಿಯಲು ನಿಜವಾಗಿಯೂ ಹೋದಳು. ಅವನು ಕಾಲನ್ನು ಮೇಜಿನಡಿ ಎಳೆದುಕೊಂಡು, "ಶೂ ಪಾಲಿಷ್ ಹಾಳಾಗುತ್ತೆ" ಎಂದ.

ಶನಿವಾರ ಬಂತು. ಮೇಲಿನ ಮಹಡಿಯಲ್ಲಿ ಮಲ್ಲಿಯ ಕೊನೆಯ ದಿನ. ಬೆಳಗ್ಗೆಯಿಂದ ಅವಳು ಕಿಟಕಿಯನ್ನೇ ನೋಡುತ್ತಾ ಹೊಲಿದಳು. ಯಾರೂ ಅವಳನ್ನು ಮಾತಾಡಿಸಲಿಲ್ಲ, ಮಾತಾಡಿಸಿದರೆ ಅಳುತ್ತಾಳೇನೋ ಎಂದು. ಮಧ್ಯಾಹ್ನ ಭೂತಗನ್ನಡಿ ಗೋದಾಮಿಗೆ ಇಳಿದು ಹೋಗಿದ್ದ ಹೊತ್ತಿಗೆ ಮೆಟ್ಟಿಲ ಮೇಲೆ ಎತ್ತರ ಹಿಮ್ಮಡಿಯ ಚಪ್ಪಲಿಯ ಸದ್ದು ಕೇಳಿಸಿತು. ಯಜಮಾನರ ಹೆಂಡತಿ, ಅಮ್ಮಾವ್ರು, ಖುದ್ದಾಗಿ ಮೇಲೆ ಬಂದಿದ್ದರು.

"ಸೂಪರ್‌ವೈಸರ್ ಇಲ್ವಾ? ಸಂಜೆ ಒಂದು ಕಡೆ ಹೋಗ್ಬೇಕು, ನೋಡಿದ್ರೆ ಕಾರಿನ ಕೀ ತಾಗಿ ಇದಕ್ಕೆ ಗೀರು ಬಿದ್ದಿದೆ. ಯಾರು ಸರಿ ಮಾಡ್ತೀರಿ ಇದನ್ನ?"

ಎಲ್ಲರೂ ಗುಮ್ಮನಗುಸುಕಿಯ ಕಡೆ ನೋಡಿದರು. ಗುಮ್ಮನಗುಸುಕಿ ಮಲ್ಲಿಯ ಕಡೆ ನೋಡಿದಳು. ಅಮ್ಮಾವ್ರು ಮಲ್ಲಿಯ ಮೇಜಿನ ಮೇಲೆ ಬ್ಯಾಗು ಇಟ್ಟರು. ಕೆಂಪು ಬ್ಯಾಗು.

ಮುಂಭಾಗದಲ್ಲಿ ಕೂದಲೆಳೆಯಂಥ ಒಂದು ಗೀರು ಇತ್ತು. ಮಲ್ಲಿ ಅಭ್ಯಾಸಬಲದಿಂದ ಹೆಬ್ಬೆರಳನ್ನು ಮೂಗಿನ ಪಕ್ಕ ಉಜ್ಜಿಕೊಂಡು ತಿಕ್ಕಲು ಶುರುಮಾಡಿದಳು. ಗೀರು ಮೆಲ್ಲಗೆ ಕರಗಿತು.

"ಅರೆ, ಹೋಯ್ತಲ್ಲ" ಎಂದರು ಅಮ್ಮಾವ್ರು, ಕನ್ನಡಕ ಏರಿಸಿಕೊಂಡು. "ಯಾವ ಎಣ್ಣೆ ಅದು?"

"ಮನೇಲಿ ಮಾಡಿದ್ದಮ್ಮಾ."

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದಂತೆ ಮಾಡಿ ನಗು ನುಂಗಿದರು. ಒಳಗೂ ಗೀರು ಇದೆಯೇನೋ ಎಂದು ಮಲ್ಲಿ ಮುಚ್ಚಳ ಎತ್ತಿದಳು. ಮೂಲೆಯಲ್ಲಿ ಎಳ್ಳುಕಾಳಿನಷ್ಟು ಕಪ್ಪು ಚುಕ್ಕೆ.

"ಅಯ್ಯೋ, ನೀನಾ" ಎಂದಳು ಮಲ್ಲಿ.

"ಏನು?"

"ಏನಿಲ್ಲಮ್ಮಾ, ಗುರುತಿನೋರು ಸಿಕ್ಕಿದ್ರು. ಈ ಬ್ಯಾಗು ನಿಮಗೆಲ್ಲಿ ಸಿಕ್ತು?"

"ನಿಮ್ಮ ಸೂಪರ್‌ವೈಸರೇ ಕೊಟ್ಟಿದ್ದು, ಮೊನ್ನೆ ನನ್ನ ಹುಟ್ಟಿದಹಬ್ಬಕ್ಕೆ. ಇಡೀ ಕಾರ್ಖಾನೇಲಿ ಇದಕ್ಕಿಂತ ಒಳ್ಳೇದು ಇಲ್ಲ ಅಂತ ಆರಿಸಿ ತಂದ್ರಂತೆ. ಪಾಪ, ತಮ್ಮ ಕೈಯಿಂದ ದುಡ್ಡು ಹಾಕಿ ಕೊಂಡ್ರಂತೆ."

ಮಲ್ಲಿಯ ಕಿವಿ ಬಿಸಿಯಾಯಿತು. ಬೇಲಿಯೇ ಎದ್ದು ಹೊಲ ಮೇಯ್ದಿದೆ, ಹಸಿರು ಕಿತ್ತವಳೆಂದು ತನ್ನನ್ನು ಹಿಡಿದಿದ್ದಾರೆ. ಕೂಗಾಡಿದರೆ ತನಗೇ ಹುಚ್ಚು ಎನ್ನುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಅವಳು ಕೂಗಾಡಲಿಲ್ಲ. ಮಿಷನ್ನಿನ ಪಕ್ಕದಲ್ಲಿದ್ದ ದೊಡ್ಡ ಕತ್ತರಿಯನ್ನು ಕೈಗೆ ತೆಗೆದುಕೊಂಡು ಬಹಳ ಮರ್ಯಾದೆಯಿಂದ ಹೇಳಿದಳು.

"ಅಮ್ಮಾ, ಒಳಗಿರೋ ಸಾಮಾನು ಸ್ವಲ್ಪ ತೆಗೆದ್ಬಿಡ್ತೀರಾ? ಇದನ್ನ ಕತ್ತರಿಸ್ಬೇಕು."

"ಏನು ಕತ್ತರಿಸ್ಬೇಕು?"

"ಬ್ಯಾಗನ್ನ. ಇದು ಊನ ಆಗಿರೋ ಬ್ಯಾಗು. ನಾನೇ ಹೊಲಿದಿದ್ದು, ನಾನೇ ಕತ್ತರಿಸ್ಬೇಕು. ನಂದೇನಿಲ್ಲ, ಯಜಮಾನರೇ ಬರೆಸಿದ್ದಾರೆ ನೋಡಿ ಅಲ್ಲಿ." ಅವಳು ಕತ್ತರಿಯ ತುದಿಯಿಂದ ಬೋರ್ಡು ತೋರಿಸಿದಳು. "ಕಟ್ಟಡದಿಂದ ಹೊರಗೆ ಹೋಗಕೂಡದು ಅಂತಿದೆ. ಅದು ಹೋಗಿಬಿಟ್ಟಿದೆ. ಸದ್ಯ, ತಾನಾಗೇ ವಾಪಸ್ ಬಂದಿದೆ, ಒಳ್ಳೇ ಬುದ್ಧಿ ಅದಕ್ಕೆ."

ಅಮ್ಮಾವ್ರು ಬೋರ್ಡು ಓದಿದರು. ಆಮೇಲೆ ತಡವರಿಸುತ್ತಾ ಬಾಚಣಿಗೆ, ಕೀ ಗೊಂಚಲು, ಮಾತ್ರೆಯ ಪಟ್ಟಿ, ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ, ಎಲ್ಲವನ್ನೂ ಒಂದೊಂದಾಗಿ ತೆಗೆದು ಎದೆಗವಚಿಕೊಂಡರು. ಯಾಕೆ ಹಾಗೆ ಮಾಡಿದರೋ ಅವರಿಗೇ ತಿಳಿಯದು. ಕತ್ತರಿ ಹಿಡಿದು ಮರ್ಯಾದೆಯಿಂದ ಮಾತಾಡುವವರ ಮುಂದೆ ಮನುಷ್ಯರು ವಿಧೇಯರಾಗಿಬಿಡುತ್ತಾರೆ.

ಅಷ್ಟರಲ್ಲಿ ಯಾರೋ ಹೇಳಿದರೆಂದು ಭೂತಗನ್ನಡಿ ಎರಡೆರಡು ಮೆಟ್ಟಿಲು ಹಾರುತ್ತಾ ಏದುಸಿರು ಬಿಡುತ್ತಾ ಬಂದ.

"ಏಯ್, ಕತ್ತರಿ ಕೆಳಗಿಡು."

"ಯಾಕೆ ಸಾರ್? ಬುಧವಾರ ನೀವೇ ಹೇಳಿದ್ರಲ್ಲ, ಇದು ಊನ ಅಂತ."

"ಊನಾನಾ?" ಅಮ್ಮಾವ್ರು ಅವನ ಕಡೆ ತಿರುಗಿದರು. ಮುಖ ಕೆಂಪಾಗಿತ್ತು. "ಏನ್ರೀ, ತಿಪ್ಪೆಗೆ ಹಾಕೋದನ್ನ ತಂದು ನನಗೆ ಕೊಟ್ರಾ?"

"ಇಲ್ಲ ಇಲ್ಲಮ್ಮಾ. ಛೆ, ಎಲ್ಲಾದ್ರೂ ಉಂಟೇ. ಅದು ಫಸ್ಟ್ ಕ್ಲಾಸ್ ಮಾಲು."

"ಫಸ್ಟ್ ಕ್ಲಾಸ್ ಮಾಲು ಹೊಲಿದಿದ್ದಕ್ಕೆ ನನ್ನನ್ನ ಅಂಟಿನ ಕೋಣೆಗೆ ಹಾಕಿದ್ರಾ ಸಾರ್?" ಎಂದಳು ಮಲ್ಲಿ.

ಭೂತಗನ್ನಡಿಯದು ಅಡಕತ್ತರಿಯಲ್ಲಿ ಸಿಕ್ಕ ಅಡಕೆಯ ಸ್ಥಿತಿ. ಊನ ಎಂದರೆ ಯಜಮಾನರ ಹೆಂಡತಿಗೆ ಕಸ ಕೊಟ್ಟ ಹಾಗೆ. ಊನವಿಲ್ಲ ಎಂದರೆ ಮಲ್ಲಿಗೆ ಅನ್ಯಾಯ ಮಾಡಿದ ಹಾಗೆ. ಮೇಲಾಗಿ ದುಡ್ಡು ಕೊಟ್ಟು ಕೊಂಡೆ ಎಂದು ಬೇರೆ ಹೇಳಿಬಿಟ್ಟಿದ್ದ.

"ಎಲ್ಲಿದೆ ಊನ?" ಅಮ್ಮಾವ್ರು ಮುಚ್ಚಳದ ಮೇಲೆ ಬಗ್ಗಿ ಅತ್ತಿತ್ತ ನೋಡಿದರು. "ನನಗೇನೂ ಕಾಣ್ತಿಲ್ಲ."

"ನಾನೂ ಅದನ್ನೇ ಹೇಳಿದ್ದಮ್ಮಾ" ಎಂದ ಭೂತಗನ್ನಡಿ.

"ನಿಮ್ಮ ನಿಮ್ಮ ಜಗಳ ನನಗೆ ಬೇಡ. ನನ್ನ ಬ್ಯಾಗು ಕೊಡಿ, ಹೊತ್ತಾಯ್ತು."

ಆಗ ಒಂದು ಮಿಷನ್ನಿನ ಸದ್ದು ನಿಂತಿತು. ಗುಮ್ಮನಗುಸುಕಿಯದು. ಅವಳು ಎದ್ದು ಬಂದು ತನ್ನ ಕತ್ತರಿಯನ್ನು ಮಲ್ಲಿಯ ಮೇಜಿನ ಮೇಲೆ, ಬ್ಯಾಗಿನ ಪಕ್ಕದಲ್ಲಿ ಇಟ್ಟು ಕೈಕಟ್ಟಿ ನಿಂತಳು. ಹಿಂದಿನ ಸಾಲಿನವಳು ಬಂದಳು. ಕಿಟಕಿಯ ಸಾಲಿನವರು ಬಂದರು. ಒಂದರ ಪಕ್ಕ ಒಂದು ಕತ್ತರಿ ಕೂತಿತು. ಯಾರೂ ಕೂಗಲಿಲ್ಲ. ಬೆಳಗ್ಗಿನಿಂದ ಸಂಜೆಯವರೆಗೆ ಎಂದೂ ನಿಲ್ಲದ ಮಿಷನ್ನುಗಳೆಲ್ಲ ನಿಂತು, ಹೊರಗೆ ರಸ್ತೆಯಲ್ಲಿ ಸೈಕಲ್ಲಿನ ಗಂಟೆ ಕೇಳಿಸಿತು.

"ಹೇಳಿ ಸಾರ್" ಎಂದಳು ಮಲ್ಲಿ. "ಊನ ಇದ್ಯೋ ಇಲ್ವೋ. ಇದ್ರೆ ಕತ್ತರಿಸ್ತೀನಿ, ಇಲ್ದಿದ್ರೆ ಕಿಟಕಿ ಪಕ್ಕ ಕೂತ್ಕೋತೀನಿ. ಎರಡರಲ್ಲಿ ಒಂದು."

"ಇಲ್ಲ" ಎಂದ ಭೂತಗನ್ನಡಿ ತುಟಿಯಲ್ಲೇ.

"ಮೂಲೆಯೋರಿಗೆ ಕೇಳಿಸ್ಲಿಲ್ಲ ಸಾರ್."

"ಊನ ಇಲ್ಲ. ಸೋಮವಾರ ನೀನು ಇಲ್ಲೇ ಇರು. ಸಾಕಾ? ಎಲ್ಲರೂ ಮಿಷನ್ನಿಗೆ ಹೋಗಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಮಲ್ಲಿ ಮೂಗಿಗೊಮ್ಮೆ ಬೆರಳು ಒತ್ತಿ, ಬ್ಯಾಗಿಗೆ ಕೊನೆಯದಾಗಿ ಒಂದು ಹೊಳಪು ಕೊಟ್ಟು, ಅಮ್ಮಾವ್ರ ಕಡೆ ಚಾಚಿದಳು. ಅವರು ಒಂದು ಕೈ ಬಿಡಿಸಿಕೊಳ್ಳಲು ಹೋಗಿ ಬಾಚಣಿಗೆ ಬೀಳಿಸಿದರು. ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಮುಗಿದಿದ್ದರೆ ಭೂತಗನ್ನಡಿಗೆ ಎಷ್ಟೋ ಚೆನ್ನಾಗಿರುತ್ತಿತ್ತು.

ಮೆಟ್ಟಿಲಿನಲ್ಲಿ ಕೆಮ್ಮು ಕೇಳಿಸಿತು.

ಅಂಟಿನ ಕೋಣೆಯವರು ಮೇಲೆ ಬರಬಾರದೆಂದು ನಿಯಮ. ಆದರೆ ಕಿಟಕಿ ಮುಚ್ಚಿಸಿಕೊಂಡ ಕೆಳಗಿನವರಿಗೆ ಹೊತ್ತು ತಿಳಿಯುವುದು ತಲೆಯ ಮೇಲಿನ ಮಿಷನ್ನುಗಳ ಸದ್ದಿನಿಂದ. ಸದ್ದು ಪೂರ್ತಿ ನಿಂತಾಗ, ಮಲ್ಲಿಗೆ ಏನೋ ಆಯಿತೆಂದು ಅತ್ತಿಗೆ ಹೆದರಿ ಏರಿ ಬಂದಿದ್ದಳು. ಬೆರಳಿನಲ್ಲಿ ಅಂಟು ಇನ್ನೂ ಹಸಿಯಿತ್ತು. ಬಾಗಿಲ ಚೌಕಟ್ಟು ಹಿಡಿದು ನಿಂತು ಮೇಜಿನ ಮೇಲಿನ ಕತ್ತರಿಗಳನ್ನು ನೋಡಿದಳು, ಮಲ್ಲಿಯ ಕೈಯಲ್ಲಿದ್ದ ಕೆಂಪು ಬ್ಯಾಗನ್ನು ನೋಡಿದಳು, ಅದನ್ನು ತೆಗೆದುಕೊಳ್ಳಲು ಚಾಚಿದ ಬಳೆಯ ಕೈಯನ್ನು ನೋಡಿದಳು. ಮನೆಯಲ್ಲಿ ಕೇಳಿದ್ದ ಮಚ್ಚೆಯ ಕಥೆಗೂ ಈಗ ಕಣ್ಣೆದುರಿಗಿದ್ದದ್ದಕ್ಕೂ ಅವಳೇ ಗಂಟು ಹಾಕಿಕೊಂಡಳು. ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಕೆಮ್ಮು ಅಡಗುವವರೆಗೆ ಎಲ್ಲರೂ ಕಾದರು. ಈ ಸಲ ಯಾರೂ ಬೇರೆ ಕಡೆ ನೋಡಲಿಲ್ಲ.

"ಸಾರ್" ಎಂದಳು ಅತ್ತಿಗೆ. "ನನ್ನ ಬ್ಯಾಗು ಯಾರ ಮನೇಲಿದೆ?"

ಭೂತಗನ್ನಡಿ ತನ್ನ ಡ್ರಾಯರಿನ ಕಡೆ ನೋಡಿದ. ಆಮೇಲೆ ಕಿಟಕಿಯ ಕಡೆ ನೋಡಿದ.

"ಕಂದು ಬಣ್ಣದ್ದು ಸಾರ್. ಪಟ್ಟಿ ಹತ್ರ ಒಂದು ಸುಕ್ಕಿತ್ತು. ನಾನು ಕತ್ತರಿಸ್ತೀನಿ ಅಂದ್ರೆ ನೀವು ಬಿಡ್ಲಿಲ್ಲ."

ಆಗ, ಇಷ್ಟು ಕಾಲದಲ್ಲಿ ಮೊದಲ ಸಲ, ಗುಮ್ಮನಗುಸುಕಿಯ ದನಿ ಕೇಳಿಸಿತು. ಒರಟು ದನಿ, ಹಾಗಿರುತ್ತದೆಂದು ಯಾರೂ ಅಂದುಕೊಂಡಿರಲಿಲ್ಲ.

"ನನ್ನ ತಂಗೀದು? ನೀವು ಕೆಳಗೆ ಹಾಕಿದ್ಮೇಲೆ ಅವಳು ಹಾಸಿಗೆ ಬಿಟ್ಟು ಎದ್ದಿಲ್ಲ. ಅವಳ ಬ್ಯಾಗು ಎಲ್ಲಿದೆ?"

"ನನ್ನ ದೊಡ್ಡಮ್ಮನ ಮಗಳದು?" ಎಂದಳು ಕಿಟಕಿಯ ಸಾಲಿನವಳು.

ಮಲ್ಲಿ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಬ್ಯಾಗನ್ನು ಮೇಜಿನ ಮೇಲೆ, ಕತ್ತರಿಗಳ ನಡುವೆ ಇಟ್ಟಳು. ಅತ್ತಿಗೆಯ ಕೈ ಹಿಡಿದು ಕರೆತಂದು ಕಿಟಕಿಯ ಪಕ್ಕದ ತನ್ನ ಸ್ಟೂಲಿನ ಮೇಲೆ ಕೂರಿಸಿ, ಕಿಟಕಿಯ ಎರಡೂ ಬಾಗಿಲು ತೆರೆದಳು. ಅತ್ತಿಗೆಯ ಕಾಲು ತನ್ನಷ್ಟಕ್ಕೆ ಮಿಷನ್ನಿನ ಪೆಡಲಿನ ಮೇಲೆ ಹೋಗಿ ಕೂತಿತು. ಒತ್ತಲಿಲ್ಲ.

"ನನ್ನ ಬ್ಯಾಗು" ಎಂದರು ಅಮ್ಮಾವ್ರು ಮೆಲ್ಲಗೆ, ಎದೆಗೆ ಬಿಸ್ಕತ್ತು ಅವಚಿಕೊಂಡು.

"ಕೊಡ್ತೀವಮ್ಮಾ" ಎಂದಳು ಮಲ್ಲಿ. "ಅವರು ಮೊದಲು ಅತ್ತಿಗೆಗೆ ಉತ್ತರ ಹೇಳಲಿ. ಆಮೇಲೆ ಬ್ಯಾಗು, ಆಮೇಲೆ ಮಿಷನ್ನು."